ಡೀಸೆಲ್ ಮೋಟಾರ್‌ಹೋಮ್ ಅಥವಾ ಪೆಟ್ರೋಲ್ ಮೋಟಾರ್‌ಹೋಮ್: ಅಮೆರಿಕದಲ್ಲಿ ಕೊಳ್ಳುವವರಿಗೆ ಒಂದು ಹೋಲಿಕೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮೋಟಾರ್‌ಹೋಮ್, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಓಡುವ ಮನೆ ಕೊಳ್ಳಲು ಹೊರಟಾಗ, ದೂರದ ಓಡಾಟಕ್ಕೆ ಡೀಸೆಲ್ಲೇ ಅಗ್ಗ ಎಂಬ ನಂಬಿಕೆ ಊರಿನಿಂದಲೇ ಅವರ ಜೊತೆಗೆ ಬಂದಿರುತ್ತದೆ. ಕರ್ನಾಟಕದ ಬಂಕುಗಳಲ್ಲಿ ಡೀಸೆಲ್ ಬೆಲೆ ಪೆಟ್ರೋಲಿಗಿಂತ ಕಡಿಮೆ. ಭಾರತದಲ್ಲಿ ಈಚೆಗೆ ಕಾಣಿಸಿಕೊಳ್ಳುತ್ತಿರುವ ಕ್ಯಾರವಾನ್‌ಗಳೂ ಬಹುಮಟ್ಟಿಗೆ ಡೀಸೆಲ್ ಟೆಂಪೊ ಟ್ರಾವೆಲರ್‌ಗಳ ಮೇಲೆ ಕಟ್ಟಿದವು. ಅಮೆರಿಕದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿನ ಒಕ್ಕೂಟ ಸರ್ಕಾರ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ 18.4 ಸೆಂಟ್ ತೆರಿಗೆ ಹಾಕಿದರೆ ಡೀಸೆಲ್ ಮೇಲೆ 24.4 ಸೆಂಟ್ ಹಾಕುತ್ತದೆ, ಮತ್ತು ಪಂಪಿನಲ್ಲಿಯೂ ಸಾಮಾನ್ಯವಾಗಿ ಡೀಸೆಲ್ಲೇ ದುಬಾರಿ. 2022ರ ಜೂನ್ ತಿಂಗಳಲ್ಲಿ ದೇಶದ ಸರಾಸರಿ ಪೆಟ್ರೋಲ್ ಬೆಲೆ ಮೊದಲ ಬಾರಿಗೆ ಗ್ಯಾಲನ್ನಿಗೆ 5 ಡಾಲರ್ ಮುಟ್ಟಿದಾಗ ಡೀಸೆಲ್ 5.80 ಡಾಲರಿನ ಆಸುಪಾಸಿನಲ್ಲಿತ್ತು.

ಆದ್ದರಿಂದ ಇಂಧನದ ಬೆಲೆಯಿಂದ ಯೋಚನೆಯನ್ನು ಆರಂಭಿಸಿದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಮೋಟಾರ್‌ಹೋಮ್‌ನಲ್ಲಿ ಇಂಧನವೊಂದನ್ನೇ ಬೇರ್ಪಡಿಸಿ ಆರಿಸಿಕೊಳ್ಳಲು ಬರುವುದಿಲ್ಲ. ಡೀಸೆಲ್ ಬೇಕೆಂದರೆ ಅದರೊಂದಿಗೆ ಬೇರೆಯದೇ ಚಾಸಿಸ್ (ಮನೆಯನ್ನು ಹೊತ್ತು ಓಡುವ ಅಡಿಗಟ್ಟು), ಬೇರೆ ಬ್ರೇಕು, ಬೇರೆ ಸಸ್ಪೆನ್ಷನ್, ಬೇರೆ ಜನರೇಟರ್, ಹಲವೊಮ್ಮೆ ಬೇರೆ ಬಗೆಯ ಅಡುಗೆ ಒಲೆ ಕೂಡ ಬರುತ್ತದೆ. ನೀವು ಹಣ ಕೊಡುವುದು ಚಾಸಿಸ್‌ಗೆ. ಎಂಜಿನ್ ಅದರ ಒಂದು ಭಾಗ ಮಾತ್ರ. ಈ ಬರಹದ ಹೋಲಿಕೆಯೆಲ್ಲ ಈ ಒಂದು ನಿಲುವಿನ ಮೇಲೆ ನಿಂತಿದೆ.

ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು

ಬಸ್ಸಿನ ಆಕಾರದ ದೊಡ್ಡ ಗಾಡಿಗಳನ್ನು ಅಲ್ಲಿ ಎ ದರ್ಜೆಯೆನ್ನುತ್ತಾರೆ. ವ್ಯಾನಿನ ಒಳಗೇ ಮನೆ ಮಾಡಿದವು ಬಿ ದರ್ಜೆ. ವ್ಯಾನಿನ ಅಥವಾ ಟ್ರಕ್ಕಿನ ಮೂತಿಯನ್ನು ಹಾಗೇ ಉಳಿಸಿಕೊಂಡು ಹಿಂದೆ ಕೋಣೆ ಕಟ್ಟಿ ಚಾಲಕನ ತಲೆಯ ಮೇಲೆ ಹಾಸಿಗೆ ಅಥವಾ ಕಪಾಟು ಇಟ್ಟವು ಸಿ ದರ್ಜೆ. ಡೀಸೆಲ್ ಮತ್ತು ಪೆಟ್ರೋಲಿನ ನಡುವಿನ ಅಂತರ ಎ ದರ್ಜೆಯಲ್ಲಿ ಬಹಳ ದೊಡ್ಡದು, ಉಳಿದೆರಡರಲ್ಲಿ ಚಿಕ್ಕದು ಮತ್ತು ಬೇರೆ ಸ್ವರೂಪದ್ದು.

ಎ ದರ್ಜೆಯ ಹೊಸ ಪೆಟ್ರೋಲ್ ಗಾಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಡಿಪಾಯದ ಮೇಲೆ ನಿಂತಿವೆ: ಫೋರ್ಡ್ ಎಫ್-53 ಚಾಸಿಸ್. 2020ರ ಸುಮಾರಿಗೆ ಅದರಲ್ಲಿದ್ದ 6.8 ಲೀಟರ್ ವಿ10 ಎಂಜಿನ್ನಿನ ಜಾಗಕ್ಕೆ 7.3 ಲೀಟರ್ ವಿ8 ಬಂದಿತು. 350 ಅಶ್ವಶಕ್ತಿ, 468 ಪೌಂಡ್-ಅಡಿ ಟಾರ್ಕ್ (ಚಕ್ರ ತಿರುಗಿಸುವ ಎಳೆತದ ಬಲ), ಆರು ಗೇರಿನ ಆಟೊಮ್ಯಾಟಿಕ್. ಎಂಜಿನ್ ಮುಂದೆ, ಚಾಲಕ ಮತ್ತು ಪಕ್ಕದವರ ನಡುವೆ ಒಂದು ಉಬ್ಬಿದ ಮುಚ್ಚಳದ ಕೆಳಗೆ ಇರುತ್ತದೆ. ನ್ಯೂಮಾರ್ ಬೇ ಸ್ಟಾರ್ ಆಗಲಿ, ಟಿಫಿನ್ ಓಪನ್ ರೋಡ್ ಆಗಲಿ, ಥಾರ್ ಹರಿಕೇನ್ ಆಗಲಿ, ಓಡುವ ಭಾಗ ಒಂದೇ. ಮೇಲಿನ ಮನೆ ಕಟ್ಟಿದವರ ಕೈ ಮಾತ್ರ ಬೇರೆ.

ಎ ದರ್ಜೆಯ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಹಿಂಭಾಗದಲ್ಲಿ, ಮಲಗುವ ಕೋಣೆಯ ಹಾಸಿಗೆಯ ಅಡಿಯಲ್ಲಿ ಇರುತ್ತದೆ. ಹಿಂದಿನಿಂದ ತಳ್ಳುವುದರಿಂದ ಅವಕ್ಕೆ ಡೀಸೆಲ್ ಪುಷರ್ ಎಂಬ ಹೆಸರು. ಚಾಸಿಸ್ ಹೆಚ್ಚಾಗಿ ಫ್ರೈಟ್‌ಲೈನರ್ ಅಥವಾ ಸ್ಪಾರ್ಟನ್, ಎಂಜಿನ್ ಕಮ್ಮಿನ್ಸ್, ಗೇರ್‌ಬಾಕ್ಸ್ ಆಲಿಸನ್. ಆರಂಭದ ಶ್ರೇಣಿಯಲ್ಲಿ ಕಮ್ಮಿನ್ಸ್ ಬಿ6.7, 300ರಿಂದ 360 ಅಶ್ವಶಕ್ತಿಯವರೆಗೆ. ಅದರ ಮೇಲೆ ಎಲ್9, 450 ಅಶ್ವಶಕ್ತಿಯವರೆಗೆ ಮತ್ತು 1,250 ಪೌಂಡ್-ಅಡಿ ಟಾರ್ಕ್‌ನೊಂದಿಗೆ. ತೀರಾ ಐಷಾರಾಮಿ ಗಾಡಿಗಳಲ್ಲಿ 605 ಅಶ್ವಶಕ್ತಿಯ ಎಕ್ಸ್15. ಡೀಸೆಲ್ ಗಾಡಿ ಹಾಗಿರುತ್ತದೆ, ಹೀಗಿರುತ್ತದೆ ಎಂದು ಯಾರಾದರೂ ಹೇಳಿದಾಗ ಅವರು ಈ ಮೂರರಲ್ಲಿ ಯಾವುದರ ಮಾತನಾಡುತ್ತಿದ್ದಾರೆ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಬಿ6.7 ಇರುವ 34 ಅಡಿಯ ಗಾಡಿಗೂ ಎಕ್ಸ್15 ಇರುವ 45 ಅಡಿಯ ಗಾಡಿಗೂ ಇಂಧನವನ್ನು ಬಿಟ್ಟರೆ ಸಾಮ್ಯ ಕಡಿಮೆ.

ಹಣದ ಲೆಕ್ಕ

ಡೀಸೆಲ್‌ನ ಒಂದು ಗ್ಯಾಲನ್‌ನಲ್ಲಿ, ಶೇ 10 ಎಥನಾಲ್ ಬೆರೆಸಿದ ಸಾಮಾನ್ಯ ಪೆಟ್ರೋಲಿಗಿಂತ ಸುಮಾರು ಶೇ 14ರಷ್ಟು ಹೆಚ್ಚು ಶಕ್ತಿ ಅಡಗಿದೆ, ಮತ್ತು ಡೀಸೆಲ್ ಎಂಜಿನ್ ಆ ಶಕ್ತಿಯನ್ನು ಪೆಟ್ರೋಲ್ ಎಂಜಿನ್ನಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ. ಆದರೆ ಡೀಸೆಲ್ ಪುಷರ್ ಹೆಚ್ಚು ಭಾರ. ಹಾಗಾಗಿ ಆಗುವ ಲಾಭದ ಒಂದು ಪಾಲನ್ನು ಅದರ ಮೈಭಾರವೇ ತಿಂದುಬಿಡುತ್ತದೆ. ಎ ದರ್ಜೆಯ ಪೆಟ್ರೋಲ್ ಗಾಡಿ ಗ್ಯಾಲನ್ನಿಗೆ 6ರಿಂದ 9 ಮೈಲಿ ಕೊಟ್ಟರೆ ಡೀಸೆಲ್ ಪುಷರ್ 7ರಿಂದ 10 ಮೈಲಿ ಕೊಡುತ್ತದೆ. ಇದಕ್ಕಿಂತ ದೊಡ್ಡ ಅಂತರವನ್ನು ನಿರೀಕ್ಷಿಸಬಾರದು.

ಒಂದು ಉದಾಹರಣೆಯನ್ನು ಕೈಯಲ್ಲೇ ಲೆಕ್ಕ ಹಾಕೋಣ. ಕುಟುಂಬವೊಂದು ವರ್ಷಕ್ಕೆ 5,000 ಮೈಲಿ ಓಡಿಸುತ್ತದೆ, ಪೆಟ್ರೋಲ್ ಗಾಡಿ 7.5 ಮೈಲಿ ಕೊಡುತ್ತದೆ, ಡೀಸೆಲ್ ಗಾಡಿ 9 ಮೈಲಿ ಕೊಡುತ್ತದೆ, ಪೆಟ್ರೋಲ್ ಗ್ಯಾಲನ್ನಿಗೆ 3.20 ಡಾಲರ್, ಡೀಸೆಲ್ 3.80 ಡಾಲರ್ ಎಂದಿಟ್ಟುಕೊಂಡರೆ, ಪೆಟ್ರೋಲಿನ ವಾರ್ಷಿಕ ವೆಚ್ಚ 2,133 ಡಾಲರ್ ಮತ್ತು ಡೀಸೆಲ್‌ನದು 2,111 ಡಾಲರ್ ಆಗುತ್ತದೆ. ಉಳಿದದ್ದು 22 ಡಾಲರ್. ಹೊಗೆ ಶುದ್ಧೀಕರಣಕ್ಕೆಂದು ಡೀಸೆಲ್ ಗಾಡಿಗೆ ಬೇರೆಯಾಗಿ ಹಾಕಬೇಕಾದ ಯೂರಿಯಾ ದ್ರವದ ಖರ್ಚಿಗೇ ಅದು ಸಾಲುವುದಿಲ್ಲ. ಬೆಲೆಗಳು ರಾಜ್ಯದಿಂದ ರಾಜ್ಯಕ್ಕೆ, ವಾರದಿಂದ ವಾರಕ್ಕೆ ಬದಲಾಗುತ್ತವೆ, ನಿಜ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ನೋಡಿದರೂ ಎರಡು ಮೊತ್ತಗಳು ಅಕ್ಕಪಕ್ಕದಲ್ಲೇ ನಿಲ್ಲುತ್ತವೆ.

ಇದಕ್ಕೆ ಎದುರಾಗಿ ಕೊಳ್ಳುವ ಬೆಲೆಯನ್ನು ಇಟ್ಟು ನೋಡಬೇಕು. ಒಂದೇ ಉದ್ದದ, ಹತ್ತಿರಹತ್ತಿರದ ಸೌಲಭ್ಯಗಳ ಎ ದರ್ಜೆಯ ಎರಡು ಹೊಸ ಗಾಡಿಗಳ ನಡುವಿನ ಅಂತರ ಒಂದು ಲಕ್ಷ ಡಾಲರಿನ ಸುತ್ತಮುತ್ತ ಇರುವುದು, ಕೆಲವೊಮ್ಮೆ ಅದನ್ನು ಮೀರುವುದು ಸಾಮಾನ್ಯ. ಸಾಲದ ಬಡ್ಡಿ ಶೇ 8 ಇದ್ದರೆ ಆ ಹೆಚ್ಚುವರಿ ಒಂದು ಲಕ್ಷಕ್ಕೆ ಮೊದಲ ವರ್ಷದ ಬಡ್ಡಿಯೇ ಸುಮಾರು 8,000 ಡಾಲರ್ ಆಯಿತು. ಇಂಧನದ ಉಳಿತಾಯದಿಂದ ಇದನ್ನು ತುಂಬಿಸುತ್ತೇನೆ ಎನ್ನುವವರು ವರ್ಷವಿಡೀ ರಸ್ತೆಯಲ್ಲೇ ಇದ್ದರೂ ತುಂಬಿಸಲಾರರು.

ಡೀಸೆಲ್ ಎಂಜಿನ್ ಲಕ್ಷಗಟ್ಟಲೆ ಮೈಲಿ ಬಾಳುತ್ತದೆ ಎಂಬ ಮಾತನ್ನು ಮಾರುವವರು ತಪ್ಪದೆ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಹೆಚ್ಚಿನವರಿಗೆ ಅದರಿಂದ ಆಗುವುದೇನೂ ಇಲ್ಲ. ವರ್ಷಕ್ಕೆ ಐದು ಸಾವಿರ ಮೈಲಿ ಓಡುವ ಗಾಡಿ ಇಪ್ಪತ್ತು ವರ್ಷಕ್ಕೆ ಒಂದು ಲಕ್ಷ ಮೈಲಿ ಮುಟ್ಟುತ್ತದೆ, ಆ ದೂರವನ್ನು ಪೆಟ್ರೋಲ್ ವಿ8 ಎಂಜಿನ್ನೂ ನಿರಾಳವಾಗಿ ದಾಟುತ್ತದೆ. ಅಷ್ಟರೊಳಗೆ ಮೋಟಾರ್‌ಹೋಮ್‌ನ ಆಯುಸ್ಸನ್ನು ತೀರ್ಮಾನಿಸುವುದು ಮೇಲ್ಛಾವಣಿಯ ಸೋರಿಕೆ, ಕಿಟಕಿಯ ಅಂಚಿನಲ್ಲಿ ಒಳನುಗ್ಗಿ ಗೋಡೆಯ ಮರವನ್ನು ಕೊಳೆಸುವ ನೀರು, ಒಳಗೆ ಹೊರಗೆ ಸರಿಯುವ ಕೋಣೆಯ ಯಂತ್ರ ಇವುಗಳೇ ಹೊರತು ಎಂಜಿನ್ ಅಲ್ಲ.

ನಿರ್ವಹಣೆಯ ಖರ್ಚಿನಲ್ಲಿ ಪೆಟ್ರೋಲ್ ಗಾಡಿಯೇ ಹಗುರ. ಫೋರ್ಡ್ 7.3 ಎಂಜಿನ್ನಿಗೆ ಎರಡು ಗ್ಯಾಲನ್ ಎಣ್ಣೆ ಸಾಕು. ಕಮ್ಮಿನ್ಸ್ ಎಲ್9ಕ್ಕೆ ಅದರ ಮೂರು ಪಟ್ಟಿಗೂ ಹೆಚ್ಚು ಬೇಕು. ಜೊತೆಗೆ ಇಂಧನದ ಫಿಲ್ಟರುಗಳು, ಏರ್ ಬ್ರೇಕಿನ ಗಾಳಿಯ ತೇವ ತೆಗೆಯುವ ಡ್ರೈಯರ್, ಚಾಸಿಸ್‌ಗೆ ಗ್ರೀಸ್, ದೊಡ್ಡ ಅಳತೆಯ ಟೈರುಗಳು. ಡೀಸೆಲ್ ಗಾಡಿಯ ವಾರ್ಷಿಕ ಸರ್ವಿಸ್‌ಗೆ ಪೆಟ್ರೋಲ್ ಗಾಡಿಯದಕ್ಕಿಂತ ಹಲವು ಪಟ್ಟು ಹಣ ಎತ್ತಿಡುವುದು ಕ್ಷೇಮ.

ಏರು, ಇಳಿಜಾರು

ಡೀಸೆಲ್ ಪರವಾಗಿ ಕೇಳಿಬರುವ ಇನ್ನೊಂದು ಮಾತು ಬೆಟ್ಟ ಹತ್ತುವ ಶಕ್ತಿಯದು, ಮತ್ತು ಇಲ್ಲಿ ವಿಷಯ ಮೇಲುನೋಟಕ್ಕೆ ಕಾಣುವುದಕ್ಕಿಂತ ಸೂಕ್ಷ್ಮವಾಗಿದೆ. 24,000 ಪೌಂಡ್ ತೂಕದ ಪೆಟ್ರೋಲ್ ಗಾಡಿಗೆ 350 ಅಶ್ವಶಕ್ತಿ ಎಂದರೆ ಪ್ರತಿ ಸಾವಿರ ಪೌಂಡಿಗೆ ಸುಮಾರು 14.6 ಅಶ್ವಶಕ್ತಿ, 30,000 ಪೌಂಡ್ ತೂಗುವ ಡೀಸೆಲ್ ಪುಷರ್‌ಗೆ ಬಿ6.7ರ 360 ಅಶ್ವಶಕ್ತಿ ಎಂದರೆ ಪ್ರತಿ ಸಾವಿರಕ್ಕೆ 12 ಮಾತ್ರ. ಅಂದರೆ ಲಾಸ್ ಏಂಜಲಿಸ್‌ನ ಉತ್ತರಕ್ಕಿರುವ ಐ-5 ಹೆದ್ದಾರಿಯ ಗ್ರೇಪ್‌ವೈನ್ ಏರಿನಂಥ, ಸಮುದ್ರಮಟ್ಟದಿಂದ ತೀರಾ ಎತ್ತರದಲ್ಲಿಲ್ಲದ ಶೇ 6ರ ಏರುದಾರಿಯಲ್ಲಿ ಆರಂಭದ ಶ್ರೇಣಿಯ ಡೀಸೆಲ್ ಗಾಡಿ ಪೆಟ್ರೋಲ್ ಗಾಡಿಗಿಂತ ವೇಗವಾಗಿ ಹತ್ತುತ್ತದೆ ಎಂದುಕೊಳ್ಳಲು ಆಧಾರವಿಲ್ಲ. ವ್ಯತ್ಯಾಸವಿರುವುದು ಹತ್ತುವ ರೀತಿಯಲ್ಲಿ. ಡೀಸೆಲ್ ತನ್ನ 800 ಪೌಂಡ್-ಅಡಿ ಟಾರ್ಕನ್ನು ನಿಮಿಷಕ್ಕೆ 2,000ಕ್ಕಿಂತ ಕಡಿಮೆ ಸುತ್ತಿನಲ್ಲೇ ಕೊಡುತ್ತದೆ, ಹಾಗಾಗಿ ಮತ್ತೆಮತ್ತೆ ಗೇರ್ ಇಳಿಸದೆ ಒಂದೇ ಸದ್ದಿನಲ್ಲಿ ಎಳೆಯುತ್ತದೆ. ಪೆಟ್ರೋಲ್ ಎಂಜಿನ್ ಅದೇ ಕೆಲಸಕ್ಕೆ 4,000 ಸುತ್ತು ದಾಟಿ ಕೂಗಬೇಕಾಗುತ್ತದೆ, ಆ ಕೂಗು ಮುಂದಿನ ಎರಡು ಆಸನಗಳ ನಡುವಿನಿಂದಲೇ ಬರುತ್ತದೆ. ಎಂಜಿನ್ನಿಗೆ ಅದರಿಂದ ತೊಂದರೆಯಿಲ್ಲ, ಅದನ್ನು ಹಾಗೆ ದುಡಿಯಲೆಂದೇ ಮಾಡಿದ್ದಾರೆ. ತೊಂದರೆಯಾಗುವುದು ಪಕ್ಕದಲ್ಲಿ ಕುಳಿತವರ ಕಿವಿಗೆ.

ಎತ್ತರದ ಪ್ರದೇಶಗಳಲ್ಲಿ ಮಾತ್ರ ಚಿತ್ರ ಬದಲಾಗುತ್ತದೆ. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ, ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಏರಿದಂತೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲೊರಾಡೊದ ಐ-70 ಹೆದ್ದಾರಿಯಲ್ಲಿ 11,158 ಅಡಿ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗವನ್ನು ತಲುಪುವಾಗ ಫೋರ್ಡ್‌ನ 350 ಅಶ್ವಶಕ್ತಿ 250ರ ಕೆಳಗೆ ಇಳಿದಿರುತ್ತದೆ. ಟರ್ಬೊ ಇರುವ ಡೀಸೆಲ್ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಅಲ್ಲಿಯೂ ಉಳಿಸಿಕೊಂಡಿರುತ್ತದೆ. ಡೆನ್ವರ್ ಅಥವಾ ಸಾಲ್ಟ್ ಲೇಕ್ ಸಿಟಿಯಲ್ಲಿ ಮನೆ ಮಾಡಿಕೊಂಡವರು ಈ ಅಂಶಕ್ಕೆ ಕೊಡುವ ಬೆಲೆಯನ್ನು ಡಲ್ಲಾಸ್ ಅಥವಾ ಟ್ಯಾಂಪಾದವರು ಕೊಡಬೇಕಾಗಿಲ್ಲ.

ನನ್ನ ದೃಷ್ಟಿಯಲ್ಲಿ ಡೀಸೆಲ್‌ಗೆ ನಿಜವಾದ ಗೆಲುವು ಇಳಿಯುವಾಗ ಸಿಗುತ್ತದೆ. ಬಿ6.7ರಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಅಂದರೆ ಹೊಗೆಯ ದಾರಿಯನ್ನು ಬಿಗಿ ಮಾಡಿ ಎಂಜಿನ್ನಿನ ಮೂಲಕವೇ ಗಾಡಿಯನ್ನು ಹಿಡಿದಿಡುವ ಏರ್ಪಾಡು. ಎಲ್9 ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಇನ್ನೂ ಬಲವಾದ ಕಂಪ್ರೆಷನ್ ಬ್ರೇಕ್ ಇರುತ್ತದೆ. ಸ್ವಿಚ್ ಒತ್ತಿ ಬಿಟ್ಟರೆ ಶೇ 6-7ರ ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೆ ಹೋಗುವುದೇ ಅಪರೂಪ. ಪೆಟ್ರೋಲ್ ಗಾಡಿಯಲ್ಲಿ ಟೋ-ಹಾಲ್ ಎಂಬ ವ್ಯವಸ್ಥೆ ತಾನಾಗಿ ಗೇರ್ ಇಳಿಸಿ ಇದೇ ಕೆಲಸವನ್ನು ಒಂದು ಮಟ್ಟಿಗೆ ಮಾಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಶಿರಾಡಿ, ಚಾರ್ಮಾಡಿ ಘಾಟಿಗಳ ಚಾಲಕರ ಪಾಠ ಮೈಗೂಡಿದವರಿಗೆ ಅದು ಸಾಕಾಗುತ್ತದೆ. ಆದರೆ ವಯೋಮಿಂಗ್‌ನ ಟೀಟನ್ ಪಾಸ್‌ನಂಥ ಶೇ 10ರ ಇಳಿಜಾರಿನಲ್ಲಿ, ಹಿಂದೆ ಕಾರೊಂದನ್ನು ಕಟ್ಟಿಕೊಂಡು ಇಳಿಯುವಾಗ, ಎರಡರ ನಡುವಿನ ವ್ಯತ್ಯಾಸ ಚಾಲಕನ ಅಂಗೈಯ ಬೆವರಿನಲ್ಲಿ ಗೊತ್ತಾಗುತ್ತದೆ.

ಕಾರನ್ನು ಹಿಂದೆ ಕಟ್ಟಿಕೊಳ್ಳುವ ವಿಷಯ ಬಂದುದರಿಂದ ಒಂದು ತೂಕದ ಮಾತನ್ನು ಇಲ್ಲೇ ಹೇಳುವುದು ಲೇಸು. ದೊಡ್ಡ ಮೋಟಾರ್‌ಹೋಮ್ ಒಯ್ಯುವವರು ಕ್ಯಾಂಪ್ ತಲುಪಿದ ಮೇಲೆ ಊರು ಸುತ್ತಲು ಚಿಕ್ಕ ಕಾರೊಂದನ್ನು ಎಳೆದುಕೊಂಡು ಹೋಗುತ್ತಾರೆ. ಪೆಟ್ರೋಲ್ ಗಾಡಿಯ ಹಿಂಬದಿಯ ಕೊಂಡಿಯ ಮೇಲೆ ಸಾಮಾನ್ಯವಾಗಿ 5,000 ಪೌಂಡ್ ಎಂದು ಬರೆದಿರುತ್ತದೆ. ಆದರೆ ಗಾಡಿ ಮತ್ತು ಎಳೆಯುವ ಕಾರು ಸೇರಿ ಮೀರಬಾರದ ಒಟ್ಟು ತೂಕವೆಂಬ ಇನ್ನೊಂದು ಮಿತಿಯಿದೆ. 26,000 ಪೌಂಡಿನ ಎಫ್-53 ಚಾಸಿಸ್‌ನಲ್ಲಿ ಆ ಒಟ್ಟು ಮಿತಿ 30,000 ಪೌಂಡ್ ಆಗಿದ್ದರೆ, ಗಾಡಿಯನ್ನು ಪೂರ್ತಿ ತುಂಬಿದ ದಿನ ಎಳೆಯಲು ಉಳಿಯುವುದು 4,000 ಪೌಂಡ್ ಮಾತ್ರ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಅದಕ್ಕಿಂತ ಹೆಚ್ಚು ತೂಗುತ್ತದೆ. ಡೀಸೆಲ್ ಪುಷರ್‌ಗಳಲ್ಲಿ 10,000 ಪೌಂಡಿನ ಕೊಂಡಿ ಸಾಮಾನ್ಯ, ದೊಡ್ಡವುಗಳಲ್ಲಿ ಅದಕ್ಕೂ ಹೆಚ್ಚು. ಭಾರವಾದ ಕಾರು ಎಳೆಯಲೇಬೇಕು ಎನ್ನುವವರಿಗೆ ಆಯ್ಕೆ ಇಲ್ಲಿಗೇ ಮುಗಿಯಿತು.

ಒಳಗೆ ಕುಳಿತವರ ಅನುಭವ

ಪೆಟ್ರೋಲ್ ಗಾಡಿ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ ಮೇಲೆ ನಿಂತಿರುತ್ತದೆ, ಡೀಸೆಲ್ ಪುಷರ್ ಗಾಳಿಚೀಲಗಳ ಮೇಲೆ. ಕೆಟ್ಟ ರಸ್ತೆಯಲ್ಲಿ ಪಾತ್ರೆಗಳ ಗಲಗಲ ಸದ್ದು, ಪಕ್ಕದಲ್ಲಿ ದೊಡ್ಡ ಟ್ರಕ್ ಹಾದುಹೋದಾಗ ಗಾಡಿ ತೊನೆಯುವುದು, ಅಡ್ಡಗಾಳಿಯಲ್ಲಿ ಸ್ಟೀರಿಂಗನ್ನು ಸದಾ ತಿದ್ದುತ್ತಿರಬೇಕಾಗುವುದು, ಇವೆಲ್ಲ ಪೆಟ್ರೋಲ್ ಗಾಡಿಯಲ್ಲಿ ಹೆಚ್ಚು. ಅದನ್ನು ತಗ್ಗಿಸಲು ಟ್ರ್ಯಾಕ್ ಬಾರ್, ಸ್ಟೀರಿಂಗ್ ಸ್ಟೆಬಿಲೈಸರ್, ಸ್ಪ್ರಿಂಗಿಗೆ ಹಾಕುವ ರಬ್ಬರ್ ಸಹಾಯಕಗಳನ್ನು ಅನೇಕರು ಆಮೇಲೆ ಹಾಕಿಸುತ್ತಾರೆ, ಅದರಿಂದ ಸಾಕಷ್ಟು ಸುಧಾರಣೆಯೂ ಆಗುತ್ತದೆ. ಆದರೂ ದಿನಕ್ಕೆ ಎಂಟು ಗಂಟೆ ಓಡಿಸಿದ ಮೇಲಿನ ದಣಿವಿನಲ್ಲಿ ಡೀಸೆಲ್ ಗಾಡಿಗೆ ಸಮನಾಗುವುದಿಲ್ಲ. ಹೀಗಿದ್ದೂ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಓಡಿಸದವರಿಗೆ ಈ ವ್ಯತ್ಯಾಸ ಒಂದು ಲಕ್ಷ ಡಾಲರಿನದೆಂದು ಅನ್ನಿಸಲಾರದು.

ಡೀಸೆಲ್ ಪುಷರ್‌ನ ಎಂಜಿನ್ ಹಿಂದಿರುವುದರಿಂದ ಮುಂಭಾಗ ನಿಶ್ಶಬ್ದ, ಪಕ್ಕದವರೊಂದಿಗೆ ಸಹಜ ದನಿಯಲ್ಲಿ ಮಾತನಾಡಬಹುದು. ಆದರೆ ಊರಿನಿಂದ ಬಂದ ಅಪ್ಪ-ಅಮ್ಮ ಓಡುವ ಗಾಡಿಯಲ್ಲಿ ಹಿಂದಿನ ಕೋಣೆಯಲ್ಲಿ ಮಲಗಿಕೊಳ್ಳುತ್ತಾರೆ ಎಂದು ಯಾರಾದರೂ ಯೋಚಿಸಿದ್ದರೆ ಅದನ್ನು ಎರಡೂ ಬಗೆಯ ಗಾಡಿಗಳಲ್ಲಿ ಬಿಟ್ಟುಬಿಡಬೇಕು. ಓಡುವಾಗ ಎಲ್ಲರೂ ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತಿರಬೇಕು. ಹಾಗಾಗಿ ಮಲಗಲು ಎಷ್ಟು ಜನಕ್ಕೆ ಜಾಗ ಎಂಬುದನ್ನು ನೋಡುವ ಮೊದಲು ಬೆಲ್ಟಿರುವ ಆಸನಗಳನ್ನು ಎಣಿಸಿ. ಡೀಸೆಲ್ ಪುಷರ್‌ನ ನೆಲ ಎತ್ತರ, ಮೆಟ್ಟಿಲುಗಳು ಹೆಚ್ಚು ಮತ್ತು ಕಡಿದು ಎಂಬುದನ್ನೂ ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಗಮನಿಸಬೇಕು. ಆ ಎತ್ತರದಿಂದಲೇ ನೆಲದಡಿಯ ಸಾಮಾನು ಖಾನೆಗಳು ದೊಡ್ಡವಾಗಿ, ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ತೆರೆದುಕೊಂಡಿರುತ್ತವೆ.

ಅಡುಗೆಯ ವಿಷಯವನ್ನು ಅಮೆರಿಕನ್ನರ ಹೋಲಿಕೆಗಳು ಬಹುತೇಕ ಹೇಳುವುದೇ ಇಲ್ಲ. ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಪ್ರೊಪೇನ್ ಒಲೆಯಿರುತ್ತದೆ; ಮನೆಯ ಯಾವ ಕುಕ್ಕರ್, ಯಾವ ಬಾಣಲೆಯಾದರೂ ನಡೆಯುತ್ತದೆ, ವಿದ್ಯುತ್ ಇಲ್ಲದ ಜಾಗದಲ್ಲಿಯೂ ಒಗ್ಗರಣೆ ಹಾಕಬಹುದು. ಮೇಲಿನ ಶ್ರೇಣಿಯ ಡೀಸೆಲ್ ಗಾಡಿಗಳಲ್ಲಿ ಅನೇಕವು ಪ್ರೊಪೇನ್ ಇಲ್ಲದ ಪೂರ್ಣ ವಿದ್ಯುತ್ ಗಾಡಿಗಳು: ಇಂಡಕ್ಷನ್ ಒಲೆ, ದೊಡ್ಡ ಫ್ರಿಜ್, ನೀರು ಮತ್ತು ಕೋಣೆ ಬಿಸಿಮಾಡಲು ಟ್ಯಾಂಕಿನ ಡೀಸೆಲ್ಲನ್ನೇ ಉರಿಸುವ ಆಕ್ವಾ-ಹಾಟ್ ಬಾಯ್ಲರ್. ಚಳಿಯ ಊರುಗಳಲ್ಲಿ ಆ ಬಾಯ್ಲರ್‌ನ ಸುಖವೇ ಬೇರೆ, ಬಿಸಿನೀರು ಮುಗಿಯಿತೆಂಬ ಮಾತಿಲ್ಲ. ಆದರೆ ಅಲ್ಯೂಮಿನಿಯಂ ಕುಕ್ಕರನ್ನು ಬಿಟ್ಟು ಇಂಡಕ್ಷನ್ ತಳದ್ದನ್ನು ಒಯ್ಯಬೇಕು, ಮತ್ತು ವಿದ್ಯುತ್ತಿಗೆ ಗಟ್ಟಿ ಆಸರೆ ಬೇಕು. ಕ್ಯಾಂಪ್‌ಗಳಲ್ಲಿ ಸಿಗುವ 30 ಆಂಪಿಯರ್ ಸಂಪರ್ಕ 3,600 ವ್ಯಾಟ್ ಕೊಟ್ಟರೆ 50 ಆಂಪಿಯರ್ ಸಂಪರ್ಕ 12,000 ವ್ಯಾಟ್ ಕೊಡುತ್ತದೆ. ಹಳೆಯ ಸರ್ಕಾರಿ ಕ್ಯಾಂಪ್‌ಗಳಲ್ಲಿ ಎರಡೂ ಇಲ್ಲದಿರುವುದೇ ಹೆಚ್ಚು. ಅಂಥ ಕಡೆ ಜನರೇಟರ್ ಹಾಕಬೇಕು. ಪೆಟ್ರೋಲ್ ಗಾಡಿಯಲ್ಲಿ 5.5 ಅಥವಾ 7 ಕಿಲೋವ್ಯಾಟ್‌ನ ಓನಾನ್ ಕಂಪನಿಯ ಜನರೇಟರ್, ಡೀಸೆಲ್ ಗಾಡಿಯಲ್ಲಿ 8ರಿಂದ 12.5 ಕಿಲೋವ್ಯಾಟ್‌ನದು, ಅದೂ ಹೆಚ್ಚು ಸದ್ದಡಗಿಸಿದ್ದು.

ಹೊಗೆ ಶುದ್ಧೀಕರಣದ ತಲೆನೋವು

2010ರ ಹೊಗೆ ನಿಯಮದ ನಂತರದ ಡೀಸೆಲ್ ಎಂಜಿನ್‌ಗಳಲ್ಲಿ ಎರಡು ಹೆಚ್ಚುವರಿ ವ್ಯವಸ್ಥೆಗಳಿವೆ. ಮೊದಲನೆಯದು ಮಸಿಯನ್ನು ಹಿಡಿದಿಡುವ ಫಿಲ್ಟರ್, ಇದು 2007ರಿಂದಲೇ ಬಂದಿತ್ತು. ಹಿಡಿದ ಮಸಿಯನ್ನು ಆಗಾಗ ಸುಟ್ಟು ಶುದ್ಧಮಾಡಿಕೊಳ್ಳಲು ಅದಕ್ಕೆ ಹೆದ್ದಾರಿಯ ದೀರ್ಘ ಓಟ ಬೇಕು. ಎರಡನೆಯದು ಶೇ 32.5 ಯೂರಿಯಾ ಇರುವ ಡಿಇಎಫ್ ದ್ರವವನ್ನು ಹೊಗೆಗೆ ಸಿಂಪಡಿಸಿ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ವ್ಯವಸ್ಥೆ. ಈ ದ್ರವ ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಬಿಸಿಲಿನ ಊರುಗಳಲ್ಲಿ ಬೇಗ ಕೆಡುತ್ತದೆ. ದ್ರವದ ಮಟ್ಟ ಅಥವಾ ಗುಣವನ್ನು ಅಳೆಯುವ ಸೆನ್ಸರ್ ಕೆಟ್ಟರೆ, ದ್ರವ ಸರಿಯಿದ್ದರೂ ಎಂಜಿನ್ ಹಂತಹಂತವಾಗಿ ಶಕ್ತಿ ಕುಗ್ಗಿಸಿಕೊಂಡು ಕೊನೆಗೆ ಗಂಟೆಗೆ 5 ಮೈಲಿ ವೇಗಕ್ಕೆ ಇಳಿಯುವಂತೆ ಮಾಡಿದ್ದರು. 2021-22ರ ಚಿಪ್ ಕೊರತೆಯ ಕಾಲದಲ್ಲಿ ಈ ಸೆನ್ಸರ್ ಸಿಗದೆ ಅನೇಕ ಡೀಸೆಲ್ ಮೋಟಾರ್‌ಹೋಮ್‌ಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತವು. ಕೊನೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಒಪ್ಪಿಗೆಯೊಂದಿಗೆ ಎಂಜಿನ್ ತಯಾರಕರು ಸಾಫ್ಟ್‌ವೇರ್ ಮೂಲಕ ತಾತ್ಕಾಲಿಕ ಪರಿಹಾರ ಕೊಡಬೇಕಾಯಿತು. 2025ರ ಆಗಸ್ಟ್‌ನಲ್ಲಿ ಅದೇ ಸಂಸ್ಥೆ ಈ ವೇಗಕಡಿತವನ್ನು ಸಡಿಲಿಸುವಂತೆ ತಯಾರಕರಿಗೆ ಹೊಸ ಮಾರ್ಗದರ್ಶನ ನೀಡಿದೆ. ಕೊಳ್ಳುವ ಗಾಡಿಯ ಎಂಜಿನ್ನಿಗೆ ಹೊಸ ಸಾಫ್ಟ್‌ವೇರ್ ಹಾಕಿದೆಯೇ ಎಂದು ಡೀಲರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ವರ್ಷಕ್ಕೆ ಎರಡು-ಮೂರು ಬಾರಿ, ಪ್ರತಿ ಬಾರಿ ನೂರು ಮೈಲಿ ದೂರದ ಕ್ಯಾಂಪ್‌ಗೆ ಹೋಗಿ ಬಂದು ಉಳಿದಂತೆ ಅಂಗಳದಲ್ಲಿ ನಿಲ್ಲಿಸುವವರಿಗೆ ಆಧುನಿಕ ಡೀಸೆಲ್ ಹೊಂದುವುದಿಲ್ಲ ಎಂದು ನಾನು ನೇರವಾಗಿ ಹೇಳುವುದು ಈ ಕಾರಣಕ್ಕೆ. ನಿಂತೇ ಇರುವುದು ಪೆಟ್ರೋಲಿಗೂ ಒಳ್ಳೆಯದಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಕೆಲವೇ ತಿಂಗಳಲ್ಲಿ ಹಳಸುತ್ತದೆ, ಮೊದಲು ಕೈಕೊಡುವುದು ಜನರೇಟರಿನ ಕಾರ್ಬ್ಯುರೇಟರ್. ಆದರೆ ಅದಕ್ಕೆ ಒಂದು ಶೀಶೆ ಸ್ಟೆಬಿಲೈಸರ್ ಸಾಕು.

ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸುವವರಿಗೆ ಇನ್ನೊಂದು ಕೆಲಸವಿದೆ. 14,000 ಪೌಂಡ್ ಮೀರಿದ ಡೀಸೆಲ್ ಮೋಟಾರ್‌ಹೋಮ್‌ಗಳು ಅಲ್ಲಿ ಕ್ಲೀನ್ ಟ್ರಕ್ ಚೆಕ್ ಎಂಬ ವಾರ್ಷಿಕ ಹೊಗೆ ಪರೀಕ್ಷೆಗೆ ಒಳಪಡುತ್ತವೆ. 40 ಅಡಿಗಿಂತ ಉದ್ದದ ಗಾಡಿಯನ್ನು ಓಡಿಸಲು ಅಲ್ಲಿ ಬೇರೆ ದರ್ಜೆಯ ಚಾಲನಾ ಪರವಾನಗಿಯೂ ಬೇಕು. ಟೆಕ್ಸಾಸ್‌ನಲ್ಲಿ ಆ ಗೆರೆಯನ್ನು ಉದ್ದದ ಬದಲು 26,000 ಪೌಂಡ್ ತೂಕದಲ್ಲಿ ಎಳೆದಿದ್ದಾರೆ. ಎಫ್-53ರ ಮೇಲ್ಮಿತಿ ಸರಿಯಾಗಿ ಆ 26,000 ಪೌಂಡಿನಲ್ಲೇ ನಿಲ್ಲುವುದರಿಂದ ಪೆಟ್ರೋಲ್ ಗಾಡಿಯವರು ಈ ತಾಪತ್ರಯದಿಂದ ಪಾರಾಗುತ್ತಾರೆ.

ಪಂಪಿನ ಬಳಿ

ಪೆಟ್ರೋಲ್ ಪ್ರತಿ ಮೂಲೆಯಲ್ಲೂ ಸಿಗುತ್ತದೆ, ಆದರೆ 35 ಅಡಿಯ ಗಾಡಿಗೆ ಹಿಂದೊಂದು ಕಾರು ಕಟ್ಟಿಕೊಂಡು ಪ್ರತಿ ಮೂಲೆಯ ಪಂಪಿಗೂ ನುಗ್ಗಿ ಹೊರಬರಲು ಆಗುವುದಿಲ್ಲ. ಡೀಸೆಲ್‌ನವರು ಹೆದ್ದಾರಿಯ ಬದಿಯ ಲವ್ಸ್, ಪೈಲಟ್, ಫ್ಲೈಯಿಂಗ್ ಜೆ ಮುಂತಾದ ಟ್ರಕ್ ನಿಲ್ದಾಣಗಳಲ್ಲಿ ಟ್ರಕ್ಕುಗಳ ಸಾಲಿನಲ್ಲೇ ನೇರ ಒಳಹೋಗಿ ನೇರ ಹೊರಬರಬಹುದು, ಡಿಇಎಫ್ ಕೂಡ ಅಲ್ಲೇ ಪಂಪಿನಲ್ಲಿ ಸಿಗುತ್ತದೆ. ಡೀಸೆಲ್ ಕೊಳ್ಳುವವರು ನೆನಪಿಡಬೇಕಾದ ಒಂದು ಅಪಾಯವಿದೆ: ಅಮೆರಿಕದಲ್ಲಿ ಡೀಸೆಲ್ ನಳಿಕೆಯ ಹಿಡಿ ಹೆಚ್ಚಾಗಿ ಹಸಿರು, ಆದರೆ ಬಿಪಿ ಬಂಕುಗಳಲ್ಲಿ ಪೆಟ್ರೋಲಿನ ಹಿಡಿಯೇ ಹಸಿರು. ಪೆಟ್ರೋಲ್ ನಳಿಕೆ ಸಣ್ಣದಾಗಿರುವುದರಿಂದ ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಇಳಿಯುತ್ತದೆ, ಮತ್ತು ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಹೋದರೆ ದುರಸ್ತಿ ಸಾವಿರಾರು ಡಾಲರಿನ ಮಾತು.

ಚಿಕ್ಕ ಗಾಡಿಗಳಲ್ಲಿ

ಬಿ ಮತ್ತು ಸಿ ದರ್ಜೆಗಳಲ್ಲಿ ಡೀಸೆಲ್ ಎಂದರೆ ಬಹುಮಟ್ಟಿಗೆ ಮರ್ಸಿಡಿಸ್ ಸ್ಪ್ರಿಂಟರ್. ಅದರ ಹಳೆಯ 3 ಲೀಟರ್ ವಿ6ರ ಬದಲು 2023ರ ಮಾದರಿಯಿಂದ 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಬಂದಿದೆ. ಎದುರಾಳಿಗಳಾಗಿ ಬಿ ದರ್ಜೆಯಲ್ಲಿ 3.6 ಲೀಟರ್ ಪೆಟ್ರೋಲ್ ವಿ6ರ ರ‍್ಯಾಮ್ ಪ್ರೊಮಾಸ್ಟರ್, 310 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಇರುವ ಫೋರ್ಡ್ ಟ್ರಾನ್ಸಿಟ್, ಸಿ ದರ್ಜೆಯಲ್ಲಿ 7.3 ವಿ8ರ ಫೋರ್ಡ್ ಇ-450. ವಿನ್ನೆಬೇಗೊ ಕಂಪನಿಯದೇ ವ್ಯೂ ಸ್ಪ್ರಿಂಟರ್ ಮೇಲಿದೆ, ಟ್ರವಾಟೊ ಪ್ರೊಮಾಸ್ಟರ್ ಮೇಲಿದೆ.

ಇಲ್ಲಿ ಗಾಳಿಚೀಲವೂ ಇಲ್ಲ, ಏರ್ ಬ್ರೇಕೂ ಇಲ್ಲ, ಹಿಂದಿನ ಎಂಜಿನ್ನೂ ಇಲ್ಲ. ಎ ದರ್ಜೆಯಲ್ಲಿ ಡೀಸೆಲ್‌ಗೆ ಕೊಟ್ಟ ಹಣಕ್ಕೆ ಸಿಗುತ್ತಿದ್ದ ಸುಖಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ಇಂಧನದ ಲಾಭ ಮಾತ್ರ ಸಿ ದರ್ಜೆಯಲ್ಲಿ ನಿಜವಾಗಿಯೂ ದೊಡ್ಡದು: ಸ್ಪ್ರಿಂಟರ್ ಮೇಲಿನ 25 ಅಡಿಯ ಗಾಡಿ ಗ್ಯಾಲನ್ನಿಗೆ 13ರಿಂದ 16 ಮೈಲಿ ಕೊಟ್ಟರೆ ಇ-450 ಅದರ ಸುಮಾರು ಅರ್ಧದಿಂದ ಮೂರನೆಯ ಎರಡು ಪಾಲಿನಷ್ಟು ಕೊಡುತ್ತದೆ. ಆದರೆ ಸ್ಪ್ರಿಂಟರ್‌ನ ಒಟ್ಟು ತೂಕದ ಮಿತಿ 11,030 ಪೌಂಡ್. ನೀರು ತುಂಬಿ ನಾಲ್ಕು ಜನ ಹತ್ತಿದ ಮೇಲೆ ಅಕ್ಕಿಮೂಟೆಗೆ ಉಳಿಯುವ ಜಾಗ ಸ್ವಲ್ಪವೇ. ಇ-450ರ ಮಿತಿ 14,500 ಪೌಂಡ್. ಸ್ಪ್ರಿಂಟರ್ ಸರ್ವಿಸ್ ಮಾಡುವ ಮರ್ಸಿಡಿಸ್ ಕೇಂದ್ರಗಳು ವಿರಳ, ಅವುಗಳಲ್ಲೂ ಎಲ್ಲವೂ ಮೋಟಾರ್‌ಹೋಮ್ ತೆಗೆದುಕೊಳ್ಳುವುದಿಲ್ಲ. ನಾಲ್ಕು ಜನರ ಕುಟುಂಬಕ್ಕೆ ಇ-450, ಇಬ್ಬರೇ ಹೆಚ್ಚು ದೂರ ಹೋಗುವುದಾದರೆ ಸ್ಪ್ರಿಂಟರ್, ಇಬ್ಬರೇ ಕಡಿಮೆ ದೂರ ಹೋಗುವುದಾದರೆ ಪ್ರೊಮಾಸ್ಟರ್ ಅಥವಾ ಟ್ರಾನ್ಸಿಟ್ ಎಂಬುದು ನನ್ನ ಆಯ್ಕೆ.

ಹೊಸ ಪೆಟ್ರೋಲೋ, ಹಳೆಯ ಡೀಸೆಲೋ

ಎಷ್ಟೋ ಜನರ ಮುಂದೆ ಕೊನೆಗೆ ಉಳಿಯುವ ಪ್ರಶ್ನೆ ಇದು, ಏಕೆಂದರೆ ಹೊಸ ಪೆಟ್ರೋಲ್ ಗಾಡಿಯ ಬೆಲೆಗೆ ಹತ್ತು ವರ್ಷದ ಒಳ್ಳೆಯ ಡೀಸೆಲ್ ಪುಷರ್ ಸಿಗುತ್ತದೆ. ಬೆಲೆ ಇಳಿಯುವ ಹೊಡೆತವನ್ನು ಮೊದಲ ಮಾಲೀಕ ತಿಂದಿರುವುದರಿಂದ, ವರ್ಷಕ್ಕೆ ಹತ್ತು ಸಾವಿರ ಮೈಲಿಗಿಂತ ಹೆಚ್ಚು ಓಡಿಸುವ ಅಥವಾ ಗಾಡಿಯಲ್ಲೇ ವಾಸಿಸುವ ನಿವೃತ್ತ ದಂಪತಿಗೆ ಇದು ಹೊಸ ಪೆಟ್ರೋಲಿಗಿಂತ ಉತ್ತಮ ಎಂದೇ ನನ್ನ ಅಭಿಪ್ರಾಯ. ಆದರೆ ದುರಸ್ತಿಗೆಂದು ಬೇರೆಯಾಗಿ ಕನಿಷ್ಠ ಹತ್ತು-ಹದಿನೈದು ಸಾವಿರ ಡಾಲರ್ ಇಟ್ಟುಕೊಳ್ಳದವರು ಅದರ ಹತ್ತಿರ ಹೋಗಬಾರದು.

ಹಳೆಯ ಡೀಸೆಲ್ ನೋಡುವಾಗ ಎಂಜಿನ್ನಿನ ವರ್ಷವೂ ಗಾಡಿಯ ವರ್ಷವೂ ಒಂದೇ ಎಂದುಕೊಳ್ಳಬೇಡಿ. 2007ರ ನಿಯಮಕ್ಕೆ ಮುಂಚಿನ ಎಂಜಿನ್‌ಗಳಿಗೆ ಮಸಿ ಫಿಲ್ಟರ್ ಇಲ್ಲ, 2010ಕ್ಕೆ ಮುಂಚಿನವಕ್ಕೆ ಡಿಇಎಫ್ ಇಲ್ಲ, ಹಾಗಾಗಿ ಅವುಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಆ ಕಾಲದ ಕೆಲವು ಗಾಡಿಗಳಲ್ಲಿ ಕ್ಯಾಟರ್‌ಪಿಲ್ಲರ್ ಎಂಜಿನ್ ಇರುತ್ತದೆ. ಆ ಕಂಪನಿ 2010ರ ನಿಯಮದ ಹೊತ್ತಿಗೆ ಹೆದ್ದಾರಿ ಎಂಜಿನ್‌ಗಳ ವ್ಯವಹಾರದಿಂದ ಹಿಂದೆ ಸರಿದಿದೆ. ರೇಡಿಯೇಟರ್ ಹಿಂಭಾಗದಲ್ಲಿದೆಯೋ ಪಕ್ಕದಲ್ಲಿದೆಯೋ ನೋಡಿ. ಹಿಂಭಾಗದ್ದಕ್ಕೆ ಎಂಜಿನ್ನಿನ ಎಣ್ಣೆಯ ಆವಿ ಮತ್ತು ರಸ್ತೆಯ ಧೂಳು ಸೇರಿ ಅಂಟಿಕೊಂಡು ಏರಿನಲ್ಲಿ ಬಿಸಿಯೇರುವ ಸಮಸ್ಯೆ ಪರಿಚಿತವಾದದ್ದು. ಹಳೆಯ ಪೆಟ್ರೋಲ್ ಗಾಡಿಯಾದರೆ ಫೋರ್ಡ್ ವಿ10ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆ) ಬೋಲ್ಟುಗಳು ಮುರಿದಿವೆಯೇ ನೋಡಬೇಕು. ತಣ್ಣಗಿರುವಾಗ ಚಾಲೂ ಮಾಡಿದರೆ ಟಿಕ್‌ಟಿಕ್ ಸದ್ದು ಕೇಳಿಸುತ್ತದೆ.

ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕೆಗಳನ್ನು ಓದಿಕೊಳ್ಳಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೋಟಾರ್‌ಹೋಮ್ ಟೈರುಗಳು ಸವೆಯುವ ಮೊದಲೇ ಮುಪ್ಪಾಗುತ್ತವೆ. ಆರೇಳು ವರ್ಷ ದಾಟಿದ್ದರೆ ಹೊಸ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಬೇಕು, ಮತ್ತು ಆ ಬೆಲೆ ಡೀಸೆಲ್ ಪುಷರ್‌ನ ದೊಡ್ಡ ಟೈರುಗಳಿಗೆ ಹೆಚ್ಚು. ಎಂಜಿನ್, ಗೇರ್‌ಬಾಕ್ಸ್ ಮತ್ತು ಜನರೇಟರ್ ಎಣ್ಣೆಯ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ವರದಿ ಬಂದ ಮೇಲೆ ಮುಂಗಡ ಕೊಡುವುದು ವಾಡಿಕೆ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಗಾಡಿ ನೋಡಿ.

ಇನ್ನೂ ಮನಸ್ಸು ಗಟ್ಟಿಯಾಗದವರು ಎರಡನ್ನೂ ಒಂದೊಂದು ವಾರ ಬಾಡಿಗೆಗೆ ತೆಗೆದುಕೊಳ್ಳಬಹುದು. ಕ್ರೂಸ್ ಅಮೆರಿಕದಂಥ ಕಂಪನಿಗಳಲ್ಲಿ ಸಿಗುವುದು ಸಿ ದರ್ಜೆಯ ಪೆಟ್ರೋಲ್ ಗಾಡಿಗಳು. ಡೀಸೆಲ್ ಪುಷರ್ ಬೇಕಾದರೆ ಔಟ್‌ಡೋರ್ಸಿ ಅಥವಾ ಆರ್‌ವಿಶೇರ್ ಎಂಬ ಜಾಲತಾಣಗಳ ಮೂಲಕ ಮಾಲೀಕರಿಂದಲೇ ಪಡೆಯಬೇಕು. ಆ ವಾರದಲ್ಲಿ ಗಾಡಿಯನ್ನು ಸಪಾಟಾದ ಹೆದ್ದಾರಿಯಲ್ಲಷ್ಟೇ ಓಡಿಸದೆ, ನೀರಿನ ಟ್ಯಾಂಕ್ ತುಂಬಿಸಿ, ಮನೆಮಂದಿಯನ್ನೆಲ್ಲ ಕೂರಿಸಿ, ಹತ್ತಿರದ ಟ್ರಕ್ ನಿಲ್ದಾಣದ ತೂಕದ ಕಟ್ಟೆಯ ಮೇಲೆ ಒಮ್ಮೆ ನಿಲ್ಲಿಸಿ, ಅಲ್ಲಿ ಸಿಗುವ ಚೀಟಿಯ ಅಂಕಿಗಳನ್ನು ಚಾಲಕನ ಆಸನದ ಬಳಿಯ ತಯಾರಕರ ಫಲಕದ ಮಿತಿಗಳೊಂದಿಗೆ ಹೋಲಿಸಿ, ಆಮೇಲೆ ನಿಮ್ಮ ಊರಿಗೆ ಹತ್ತಿರವಿರುವ ಅತಿ ಕಡಿದಾದ ಘಾಟಿಯನ್ನು ಹತ್ತಿ ಇಳಿಯಿರಿ.